ಹೊಸ ಸೈಡ್ ವೀಲ್ ಸ್ಕೂಟರ್ ಎಡಕ್ಕೆ ಎಳೆಯುತ್ತಿದೆ, ಅಲೈನ್‌ಮೆಂಟ್ ಎಲ್ಲಿ, ಹೇಗೆ ನೋಡಿಸೋದು? (ದಾವಣಗೆರೆ)

ನಿಟ್ಟುವಳ್ಳಿ ಸವಾರ

ಎಲ್ಲರಿಗೂ ನಮಸ್ಕಾರ. ನನಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲಲ್ಲಿ ಬಲ ಇಲ್ಲ. ಈಚೆಗೆ ಹೊಸ 110 ಸಿಸಿ ಸ್ಕೂಟರ್ ತಗೊಂಡು ಎರಡೂ ಕಡೆ ಸೈಡ್ ವೀಲ್ ಕಿಟ್ ಹಾಕಿಸಿದ್ದೇನೆ. ನಮ್ಮ ಕಡೆ ತ್ರೀ ವೀಲರ್ ಸ್ಕೂಟಿ ಅಂತಾರಲ್ಲ, ಅದೇ. ಹಿಂದಿನ ಮಧ್ಯದ ಚಕ್ರ ಹಾಗೇ ಇದೆ, ಎಂಜಿನ್ ಎಳೆಯೋದು ಅದನ್ನೇ. ಅದರ ಆಚೀಚೆ ಒಂದೊಂದು ಚಕ್ರ, ಒಂದೊಂದಕ್ಕೂ ಬೇರೆ ಸ್ಪ್ರಿಂಗು.

ತೊಂದರೆ ಏನಂದರೆ ಗಾಡಿ ಎಡಕ್ಕೆ ಎಳೆಯುತ್ತೆ. ನೇರ ಹೋಗಬೇಕಂದರೆ ಹ್ಯಾಂಡಲ್ ಅನ್ನು ಸ್ವಲ್ಪ ಬಲಕ್ಕೆ ತಿರುಗಿಸಿಯೇ ಹಿಡಿದುಕೊಂಡಿರಬೇಕು. ನಿಟ್ಟುವಳ್ಳಿಯಿಂದ ಎಪಿಎಂಸಿ ತನಕ ಹೋಗಿ ಬರೋಷ್ಟರಲ್ಲಿ ಮಣಿಕಟ್ಟು ನೋಯುತ್ತೆ. ನನ್ನಂಥವರಿಗೆ ಕೈಯೇ ಕಾಲು. ಸಂಜೆ ಊರುಗೋಲು ಹಿಡಿಯೋದೂ ಇದೇ ಕೈಯಲ್ಲಿ, ಹಾಗಾಗಿ ಇದು ಸಣ್ಣ ವಿಷಯ ಅಂತ ಬಿಡೋಕಾಗಲ್ಲ.

ಕಿಟ್ ಹಾಕಿದವರ ಹತ್ತಿರ ಹೋದೆ. ಎರಡು ಸೈಡ್ ವೀಲ್ ಮಧ್ಯೆ ಮುಂದೊಂದು ಸಲ, ಹಿಂದೊಂದು ಸಲ ಟೇಪ್ ಹಿಡಿದು ನೋಡಿದರು. ಎರಡೂ ಕಡೆ ಒಂದೇ ಅಳತೆ ಬಂತು. "ನೋಡಿ ಸರ್, ಅಲೈನ್‌ಮೆಂಟ್ ಕರೆಕ್ಟ್ ಇದೆ. ನಮ್ಮ ರೋಡೇ ಎಡಕ್ಕೆ ಇಳಿಜಾರು. ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ" ಅಂದರು. ಹಳೇ ಪಿ.ಬಿ. ರಸ್ತೆಯ ಕಾರ್ ಅಲೈನ್‌ಮೆಂಟ್ ಅಂಗಡಿಯಲ್ಲೂ ಕೇಳಿದೆ. ಅವರ ಕ್ಲಾಂಪ್ ಕಾರಿನ ಚಕ್ರಕ್ಕೆ ಮಾಡಿದ್ದು, ನನ್ನ 10 ಇಂಚಿನ ರಿಮ್‌ಗೆ ಕೂರಲ್ಲ ಅಂದುಬಿಟ್ಟರು.

ಯಾರಾದರೂ ಇಂಥ ಗಾಡಿಗೆ ಅಲೈನ್‌ಮೆಂಟ್ ನೋಡಿಸಿದ್ದೀರಾ? ಹೊಸ ಗಾಡಿ ಸ್ವಾಮಿ, ಇನ್ನೂ ಟೈರಿನ ರೋಮ ಕೂಡ ಉದುರಿಲ್ಲ.

ಆಟೋ ಕೆಎ 17

ಅಣ್ಣಾ, ಓಡಿಸ್ತಾ ಓಡಿಸ್ತಾ ಸರಿ ಹೋಗೋದು ಯಾವುದೂ ಇಲ್ಲ. ಟೈರ್ ಸವೆದು ಹೋಗುತ್ತೆ ಅಷ್ಟೇ. ನಾನು ಗಾಂಧಿ ಸರ್ಕಲ್ ಸ್ಟ್ಯಾಂಡಿನಲ್ಲಿ ಆಟೋ ಹಾಕ್ತೀನಿ. ನಮ್ಮ ಗಾಡಿಯಲ್ಲೂ ಮುಂದೆ ಒಂದು, ಹಿಂದೆ ಎರಡು. ಮುಂದಿನ ಚಕ್ರ ಒಂದೇ ಆದ್ದರಿಂದ ಅದಕ್ಕೆ ಟೋ (ಜೋಡಿ ಚಕ್ರ ಒಳಮುಖವೋ ಹೊರಮುಖವೋ ತಿರುಗಿರೋದು) ಅನ್ನೋದೇ ಇಲ್ಲ, ಇರೋ ತಂಟೆ ಎಲ್ಲ ಹಿಂದೆ. ಹಿಂದಿನ ಆರ್ಮ್ ಬುಷ್ (ಚಕ್ರ ಹಿಡಿಯೋ ತೋಳಿನ ಬುಡದ ರಬ್ಬರ್) ಹೋದರೆ ಆಟೋ ಹೀಗೇ ಒಂದು ಕಡೆ ಎಳೆಯುತ್ತೆ. ಹೊಸಬರು ಎಲ್ಲರೂ ಮುಂದಿನ ಫೋರ್ಕ್ ಬಿಚ್ಚಿಸ್ತಾರೆ, ದುಡ್ಡು ಹೋಗುತ್ತೆ, ಎಳೆತ ಹೋಗಲ್ಲ.

ಮೊದಲು ಎರಡು ಕೆಲಸ ಮಾಡಿ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಎರಡೂ ಸೈಡ್ ವೀಲಿನ ಗಾಳಿ ಒಂದೇ ಸಮ ಮಾಡಿಸಿ. ಒಂದರಲ್ಲಿ ಐದಾರು ಪಾಯಿಂಟ್ ಕಮ್ಮಿ ಇದ್ದರೂ ಆ ಕಡೆಗೇ ಎಳೆಯುತ್ತೆ. ಆಮೇಲೆ ಒಂದು ಖಾಲಿ ರಸ್ತೆಯಲ್ಲಿ ಹೋಗ್ತಾ ಒಂದು ಸಲ, ಅದೇ ಜಾಗದಲ್ಲಿ ಅದೇ ಪಟ್ಟಿ ಮೇಲೆ ವಾಪಸ್ ಬರ್ತಾ ಒಂದು ಸಲ ಓಡಿಸಿ. ರಸ್ತೆ ಇಳಿಜಾರು ಕಾರಣ ಆದರೆ ವಾಪಸ್ ಬರುವಾಗ ಎಳೆತ ಬಲಕ್ಕೆ ತಿರುಗಬೇಕು. ಎರಡು ಸಲವೂ ಎಡಕ್ಕೇ ಎಳೆದರೆ ರಸ್ತೆ ಮೇಲೆ ತಪ್ಪು ಹಾಕಬೇಡಿ. ಟ್ರಾಫಿಕ್ ಇರೋ ಕಡೆ ಮಾಡಬೇಡಿ ಮತ್ತೆ. ಬೆಳಿಗ್ಗೆ ಬೇಗ ಹೈಸ್ಕೂಲ್ ಮೈದಾನದ ಕಡೆ ಹೋಗಿ.

ಇನ್ನೊಂದು. ಸೈಡ್ ವೀಲ್ ಟೈರ್ ಮೇಲೆ ಅಂಗೈ ಇಟ್ಟು ಎಡದಿಂದ ಬಲಕ್ಕೆ ಎಳೆಯಿರಿ, ಆಮೇಲೆ ಬಲದಿಂದ ಎಡಕ್ಕೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟಾಗಿ ಚುಚ್ಚಿದರೆ ಚಕ್ರ ನೇರ ಉರುಳ್ತಾ ಇಲ್ಲ, ಉಜ್ಜಿಕೊಂಡು ಹೋಗ್ತಿದೆ ಅಂತ ಅರ್ಥ. ಎರಡೂ ಟೈರ್ ನೋಡಿ ಹೇಳಿ.

ನಿಟ್ಟುವಳ್ಳಿ ಸವಾರ

ಅಣ್ಣಾ, ಗಾಳಿ ಸಮ ಮಾಡಿಸಿದೆ. ಎಳೆತ ಹಾಗೇ ಇದೆ. ಹೋಗ್ತಾ ಬರ್ತಾ ಎರಡೂ ಸಲ ಎಡಕ್ಕೇ. ವಾಪಸ್ ಬರುವಾಗ ಸ್ವಲ್ಪ ಕಮ್ಮಿ ಅನ್ನಿಸಿತು, ಆದರೆ ಬಲಕ್ಕೆ ತಿರುಗಲಿಲ್ಲ. ಅಂದರೆ ರಸ್ತೆ ಇಳಿಜಾರಿನ ಪಾಲು ಒಂದಿಷ್ಟು ಇದೆ, ಉಳಿದದ್ದು ಗಾಡಿಯದೇ.

ಟೈರ್ ಮುಟ್ಟಿ ನೋಡಿದೆ. ಎರಡೂ ಟೈರಿನಲ್ಲಿ ಬಲದಿಂದ ಎಡಕ್ಕೆ ಎಳೆದರೆ ಒರಟು. ಎರಡರಲ್ಲೂ ಒಂದೇ ದಿಕ್ಕು.

ಲೇತ್ ಅಂಗಡಿ

ಈ ಕೊನೆಯ ಸಾಲೇ ಉತ್ತರ ಹೇಳ್ತಾ ಇದೆ ನೋಡ್ರಿ. ಎರಡೂ ಚಕ್ರ ಒಳಮುಖ ಆಗಿದ್ದರೆ ಒರಟು ಒಂದಕ್ಕೊಂದು ಎದುರುಬದುರು ಬರುತ್ತೆ. ಹೊರಮುಖ ಆಗಿದ್ದರೂ ಎದುರುಬದುರೇ. ಎರಡರಲ್ಲೂ ಒಂದೇ ದಿಕ್ಕು ಅಂದರೆ ಎರಡು ಚಕ್ರವೂ ಸೇರಿಕೊಂಡು ಒಂದೇ ಕಡೆ ತಿರುಗಿವೆ.

ಈಗ ಆ ಕಿಟ್‌ನವರ ಟೇಪ್ ಲೆಕ್ಕ ಯಾಕೆ ಸುಳ್ಳಾಯ್ತು ಅಂತ ಗೊತ್ತಾಯ್ತಲ್ಲ? ಅವರು ಎಡ ಚಕ್ರದಿಂದ ಬಲ ಚಕ್ರಕ್ಕೆ ಅಳೆದಿದ್ದಾರೆ. ಎರಡೂ ಚಕ್ರ ಬಲಕ್ಕೆ ಒಂದೇ ಕೋನದಲ್ಲಿ ತಿರುಗಿದ್ದರೆ ಮುಂದಿನ ಅಳತೆ, ಹಿಂದಿನ ಅಳತೆ ಎರಡೂ ಒಂದೇ ಬರುತ್ತವೆ. ಟೇಪ್‌ಗೆ ಏನೂ ಕಾಣಲ್ಲ. ಒಂದು ಚಕ್ರಕ್ಕೆ ಇನ್ನೊಂದು ಚಕ್ರ ನೇರ ಇದ್ದರೆ ಸಾಲದು, ಎರಡೂ ಚಕ್ರ ಗಾಡಿಯ ನಡುಗೆರೆಗೆ ನೇರ ಇರಬೇಕು. ನಡುಗೆರೆ ಇಲ್ಲದೆ ಅಳೆದ ಅಳತೆಗೆ ನಮ್ಮ ಅಂಗಡಿಯಲ್ಲಿ ಬೆಲೆ ಇಲ್ಲ.

ಹಿಂದಿನ ಚಕ್ರಗಳು ಬಲಕ್ಕೆ ತಿರುಗಿದ್ದರೆ ಗಾಡಿಯ ಹಿಂಭಾಗ ಬಲಕ್ಕೆ ಹೋಗೋಕೆ ನೋಡುತ್ತೆ, ಆಗ ಮೂತಿ ಎಡಕ್ಕೆ ತಿರುಗುತ್ತೆ. ಅದನ್ನು ತಡೆಯೋಕೆ ನೀವು ಹ್ಯಾಂಡಲ್ ಬಲಕ್ಕೆ ಹಿಡಿಯಬೇಕು. ನೀವು ಹೇಳಿದ್ದಕ್ಕೆ ಸರಿಯಾಗಿ ತಾಳೆ ಆಗುತ್ತೆ.

ಆಟೋ ಕೆಎ 17

ನೊಗ ಓರೆ ಕಟ್ಟಿದ ಬಂಡಿ ಇದ್ದ ಹಾಗೆ ಅನ್ನಿ. ಎತ್ತು ಎಷ್ಟು ನೇರ ನಡೆದರೂ ಬಂಡಿ ಪಕ್ಕಕ್ಕೇ ಹೋಗುತ್ತೆ.

ಭರಮಸಾಗರ ಮೇಷ್ಟ್ರು

ಲೇತ್ ಅಂಗಡಿಯವರು ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಮಕ್ಕಳಿಗೆ ಗಣಿತ ಹೇಳಿಕೊಡುವವನು ನಾನು. ನನ್ನ ತಮ್ಮನೂ ಇಂಥದೇ ಗಾಡಿ ಓಡಿಸುತ್ತಾನೆ.

ಚಕ್ರ ತಾನು ಹೋಗಬೇಕಾದ ದಾರಿಯಿಂದ ಒಂದೇ ಒಂದು ಡಿಗ್ರಿ ತಿರುಗಿದೆ ಅಂತ ಇಟ್ಟುಕೊಳ್ಳಿ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಗಾಡಿ 1 ಕಿಲೋಮೀಟರ್ ಹೋದಾಗ ಆ ಟೈರು ಸುಮಾರು 17 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿರುತ್ತದೆ. ಹಾಗೇ ದಿನಾ ಓಡಾಡಿದರೆ ಹೊಸ ಟೈರಿನ ಗತಿ ಏನು ಅಂತ ನೀವೇ ಲೆಕ್ಕ ಹಾಕಿ. ಉಜ್ಜುವುದಕ್ಕೆ ಪೆಟ್ರೋಲೂ ಖರ್ಚು. ಮೈಲೇಜ್ ಕಮ್ಮಿ ಬರ್ತಿದೆ ಅಂತ ಕಾರ್ಬುರೇಟರ್, ಇಂಜೆಕ್ಟರ್ ಕೆದಕುವವರು ಮೊದಲು ಇದನ್ನು ನೋಡಬೇಕು.

ಈ ಗಾಡಿಯಲ್ಲಿ ಇನ್ನೂ ಒಂದು ತೊಡಕು ಇದೆ. ಆಟೋದಲ್ಲಿ ಹಿಂದೆ ಎರಡೇ ಚಕ್ರ. ಇಲ್ಲಿ ಒಂದೇ ಸಾಲಿನಲ್ಲಿ ಮೂರು ಚಕ್ರ ನೆಲ ಮುಟ್ಟಿವೆ. ಮಧ್ಯದ್ದು ನೇರ, ಆಚೀಚೆಯವು ಓರೆ ಅಂದರೆ ಆ ಮೂರೂ ತಮ್ಮತಮ್ಮಲ್ಲೇ ಜಗಳ ಆಡುತ್ತವೆ. ಮಳೆಯಲ್ಲಿ ಮಧ್ಯದ ಚಕ್ರ ಜಾರುವುದಕ್ಕೆ ಇದೂ ಒಂದು ಕಾರಣ.

ನಿಟ್ಟುವಳ್ಳಿ ಸವಾರ

ಮೇಷ್ಟ್ರೇ, ಲೇತ್ ಅಣ್ಣಾ, ಈಗ ಅರ್ಥ ಆಯ್ತು. ಹಾಗಾದರೆ ನಡುಗೆರೆ ಹಿಡಿಯೋದು ಹೇಗೆ? ಸ್ಕೂಟರಿನ ಹೊಟ್ಟೆ ಕೆಳಗೆ ಸ್ಟ್ಯಾಂಡು, ಸೈಲೆನ್ಸರು, ಕಿಟ್ಟಿನ ಪೈಪು ಎಲ್ಲ ಅಡ್ಡ ಬರುತ್ತಲ್ಲ. ನಮ್ಮ ಭಾವ ಗಾರೆ ಕೆಲಸ ಮಾಡ್ತಾರೆ. ದಾರ, ತೂಕದ ಗುಂಡು, ರಸಮಟ್ಟ, 2 ಮೀಟರಿನ ಅಲ್ಯೂಮಿನಿಯಂ ಪಟ್ಟಿ ಎಲ್ಲ ಅವರ ಹತ್ತಿರ ಇದೆ.

ಲೇತ್ ಅಂಗಡಿ

ಭಾವ ಗಾರೆಯವರಾದರೆ ಅರ್ಧ ಕೆಲಸ ಮುಗೀತು. ಗಾಡಿ ಮೇಲೆ ಏನೂ ಅಳೆಯಬೇಡಿ, ಎಲ್ಲವನ್ನೂ ಗುಂಡು ಬಿಟ್ಟು ನೆಲಕ್ಕೆ ಇಳಿಸಿ. ಗಾಡಿ ಸರಿಸಿದ ಮೇಲೆ ನೆಲದ ಮೇಲೆ ಬರೀ ಚುಕ್ಕಿಗಳು ಉಳಿಯುತ್ತವೆ, ಆಮೇಲೆ ಯಾವ ಪೈಪೂ ಅಡ್ಡ ಬರಲ್ಲ.

ಸಿಮೆಂಟ್ ನೆಲ ಬೇಕು, ಸಮತಟ್ಟಾಗಿರಬೇಕು. ನೀರಿನ ಪೈಪ್ ಇಟ್ಟು ಮಟ್ಟ ನೋಡಿಕೊಳ್ಳಿ. ಗಾಡಿಯನ್ನು ನಾಲ್ಕಾರು ಅಡಿ ಮುಂದಕ್ಕೆ ನೇರ ಉರುಳಿಸಿಕೊಂಡು ಬಂದು ನಿಲ್ಲಿಸಿ. ಎತ್ತಿ ಇಟ್ಟರೆ ಟೈರು ಬಿಗಿದುಕೊಂಡು ನಿಂತಿರುತ್ತೆ, ಅಳತೆ ತಪ್ಪುತ್ತೆ. ಹ್ಯಾಂಡಲ್ ನೇರ ಮಾಡಿ ಕಟ್ಟಿ. ಮುಂದಿನ ಟೈರಿನ ಎಡ ಅಂಚು, ಬಲ ಅಂಚು ಎರಡರಿಂದ ಗುಂಡು ಬಿಟ್ಟು ನೆಲದ ಮೇಲೆ ಎರಡು ಚುಕ್ಕಿ. ಅವುಗಳ ಮಧ್ಯ ಮುಂದಿನ ಚಕ್ರದ ಮಧ್ಯ. ಹಿಂದಿನ ಮಧ್ಯದ ಚಕ್ರಕ್ಕೂ ಹಾಗೇ. ಮುಂದೆ ಹಿಂದೆ ಟೈರ್ ಅಗಲ ಬೇರೆಬೇರೆ ಇರಬಹುದು, ಅದಕ್ಕೇ ಅಂಚಿಗೆ ಅಂಚು ದಾರ ಕಟ್ಟಬಾರದು, ಮಧ್ಯಕ್ಕೆ ಮಧ್ಯ ಕಟ್ಟಬೇಕು. ಆ ಎರಡು ಮಧ್ಯಗಳಿಗೆ ದಾರ ಹೊಡೆದರೆ ಅದೇ ನಡುಗೆರೆ.

ಹಿಂದಿನ ಚಕ್ರದ ಮುಂಬದಿ, ಹಿಂಬದಿ ಎರಡು ಕಡೆಯೂ ಗುಂಡು ಬಿಟ್ಟು, ಆ ಚಕ್ರ ಗೆರೆಯ ಮೇಲೆ ನೇರ ಕೂತಿದೆಯಾ ಅಂತಲೂ ನೋಡಿ. ಅದೇ ಓರೆ ಇದ್ದರೆ ಎಂಜಿನ್ ಮೌಂಟಿಂಗ್ ಬುಷ್ ನೋಡಬೇಕಾಗುತ್ತೆ, ಅದು ಬೇರೆ ಕತೆ.

ಆಮೇಲೆ ಸೈಡ್ ವೀಲ್. ಟೈರಿನ ಹೊರಬದಿಗೆ, ಹಬ್ (ಚಕ್ರದ ನಡು) ಎತ್ತರದಲ್ಲಿ ಅಲ್ಯೂಮಿನಿಯಂ ಪಟ್ಟಿ ಅಡ್ಡ ಒತ್ತಿ ಹಿಡಿಯಿರಿ. ಕೆಳಗೆ ಹಿಡಿಯಬೇಡಿ, ನೆಲದ ಹತ್ತಿರ ಟೈರ್ ಭಾರಕ್ಕೆ ಉಬ್ಬಿರುತ್ತೆ. ಟೈರಿನ ಮೇಲೆ ಉಬ್ಬಿದ ಅಕ್ಷರದ ಮೇಲೆ ಕೂಡ ಕೂರಬಾರದು. ಪಟ್ಟಿ ಟೈರಿಗೆ ತಾಗುವ ಮುಂದಿನ ಜಾಗ, ಹಿಂದಿನ ಜಾಗ, ಎರಡರಿಂದಲೂ ಗುಂಡು. ಆ ಚುಕ್ಕಿಗಳಿಂದ ನಡುಗೆರೆಗೆ ಎಷ್ಟು ದೂರ ಅಂತ ಬರೆದುಕೊಳ್ಳಿ. ಒಂದು ಸಲ ಆದ ಮೇಲೆ ಗಾಡಿ ಉರುಳಿಸಿ ಚಕ್ರ ಅರ್ಧ ಸುತ್ತು ತಿರುಗಿದ ಮೇಲೆ ಇನ್ನೊಂದು ಸಲ ಅಳೆಯಿರಿ. ರಿಮ್ಮೇ ಸೊಟ್ಟ ಇದ್ದರೆ ಆಗ ಗೊತ್ತಾಗುತ್ತೆ.

ಭರಮಸಾಗರ ಮೇಷ್ಟ್ರು

ಒಂದು ಮುಖ್ಯವಾದದ್ದು ಬಿಟ್ಟುಹೋಗಿದೆ. ಅಳೆಯುವಾಗ ಸವಾರ ಗಾಡಿ ಮೇಲೆ ಕೂತಿರಲೇಬೇಕು. ಖಾಲಿ ಗಾಡಿ ಅಳೆದರೆ ಖಾಲಿ ಗಾಡಿಯ ಅಲೈನ್‌ಮೆಂಟ್ ಸಿಗುತ್ತದೆ, ನಿಮ್ಮದಲ್ಲ.

ನನ್ನ ತಮ್ಮನ ಗಾಡಿಯಲ್ಲಿ ನಾವು ಇದನ್ನು ಕಣ್ಣಾರೆ ನೋಡಿದೆವು. ಅವನು ಒಂದು ಕಾಲಿಗೆ ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಪಟ್ಟಿ) ಹಾಕುತ್ತಾನೆ, ಕೂತಾಗ ಭಾರ ಒಂದು ಕಡೆಗೇ ಜಾಸ್ತಿ ಬೀಳುತ್ತದೆ. ಊರುಗೋಲನ್ನೂ ಅದೇ ಕಡೆ ಸಿಕ್ಕಿಸುತ್ತಾನೆ. ಖಾಲಿ ಗಾಡಿಯಲ್ಲಿ ಎರಡೂ ಕಡೆ ಸ್ಪ್ರಿಂಗ್ ಸಮ ಇತ್ತು. ಅವನು ಕೂತ ಕೂಡಲೇ ಆ ಕಡೆಯದು ಎದ್ದು ಕಾಣುವಷ್ಟು ಕೆಳಗೆ ಹೋಯಿತು. ಸ್ಪ್ರಿಂಗ್ ಕುಸಿದಾಗ ಆರ್ಮ್ ಕಮಾನಿನಂತೆ ಚಲಿಸುತ್ತದೆ, ಚಕ್ರದ ಕೋನವೂ ಅದರ ಜೊತೆ ಬದಲಾಗುತ್ತದೆ. ಎರಡು ಕಾಲೂ ಗಟ್ಟಿ ಇರುವ ಮೆಕ್ಯಾನಿಕ್ ಕೂತು ಓಡಿಸಿ ನೋಡಿ "ನೇರ ಹೋಗುತ್ತೆ" ಅಂದರೆ ಅದು ಅವನಿಗೆ ನೇರ.

ಗಾಡಿ ಡೆಲಿವರಿ ಕೊಡುವಾಗಲೇ, ಸವಾರನನ್ನು ಕೂರಿಸಿ, ಅವನ ಊರುಗೋಲು ಸಮೇತ ಅಳೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ದೊಡ್ಡ ಯಂತ್ರ ಬೇಡ. ಮನಸ್ಸು ಬೇಕು.

ಹೊರನಾಡ ದಾವಣಗೆರೆ

ನಾನು ಎಂಸಿಸಿ ಬಿ ಬ್ಲಾಕ್‌ನವನು, ಈಗ ಕೆನಡಾದಲ್ಲಿ ಇದ್ದೇನೆ. ಇಲ್ಲಿ ಕ್ಯಾನ್-ಆಮ್ ಸ್ಪೈಡರ್ ಅಂತ ಒಂದು ಮೂರು ಚಕ್ರದ ಮೋಟಾರ್‌ಸೈಕಲ್ ಇದೆ. 2007ರಿಂದ ಬರ್ತಿದೆ, ಕ್ವಿಬೆಕ್‌ನ ಬಿಆರ್‌ಪಿ ಕಂಪನಿಯದು. ನಮ್ಮ ಆಟೋಗೆ ಉಲ್ಟಾ, ಮುಂದೆ ಎರಡು ಚಕ್ರ, ಹಿಂದೆ ಒಂದು ದಪ್ಪ ಚಕ್ರ. ಅಷ್ಟು ದುಬಾರಿ ಗಾಡಿಯನ್ನೂ ಹೊಸದು ತಗೊಂಡ ಕೂಡಲೇ ಲೇಸರ್ ಹಾಕಿಸಿ ಅಲೈನ್‌ಮೆಂಟ್ ನೋಡಿಸುವವರು ಇಲ್ಲಿ ಬಹಳ ಜನ ಇದ್ದಾರೆ. ಶೋರೂಮಿನಿಂದ ಬಂದಿದೆ, ಸರಿ ಇರುತ್ತೆ ಅಂತ ಸುಮ್ನೆ ಬಿಡಲ್ಲ.

ಅಲ್ಲೂ ತತ್ವ ಇದೇ. ಮುಂದಿನ ಎರಡು ಚಕ್ರಗಳನ್ನು ಬರೀ ಒಂದಕ್ಕೊಂದು ಹೋಲಿಸಿದರೆ ಸಾಲದು, ಹಿಂದಿನ ಒಂಟಿ ಚಕ್ರದ ದಿಕ್ಕಿಗೆ ಎರಡನ್ನೂ ತಾಳೆ ನೋಡಬೇಕು. ಲೇಸರ್ ಅಂದರೆ ಬೆಳಕಿನ ದಾರ ಅಷ್ಟೇ. ನಿಮ್ಮ ಭಾವನ ದಾರಕ್ಕೂ ಅದಕ್ಕೂ ಕೆಲಸದಲ್ಲಿ ವ್ಯತ್ಯಾಸ ಇಲ್ಲ. ನಿಧಾನವಾಗಿ ಮಾಡಿದರೆ ಒಂದು ಮಿಲಿಮೀಟರ್ ತನಕ ಹಿಡಿಯಬಹುದು. ಧೈರ್ಯವಾಗಿ ಮಾಡಿ.

ನಿಟ್ಟುವಳ್ಳಿ ಸವಾರ

ಅಳೆದಾಯ್ತು! ಭಾವ ಕೆಲಸ ಮಾಡ್ತಿರುವ ಹೊಸ ಮನೆಯ ಪಾರ್ಕಿಂಗ್ ನೆಲ ಸಿಕ್ಕಿತು. ನಾನು ಗಾಡಿ ಮೇಲೆ ಕೂತೆ, ಊರುಗೋಲು ಎಡಗಡೆ ಸಿಕ್ಕಿಸಿಕೊಂಡೆ. ಭಾವ ಗುಂಡು ಬಿಟ್ಟರು, ಅಕ್ಕನ ಮಗ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟ.

ನಡುಗೆರೆಯಿಂದ ಸೈಡ್ ವೀಲಿನ ಹೊರಬದಿಗೆ ಬಂದ ಅಳತೆ ಹೀಗಿದೆ. ಎಡ ಚಕ್ರ: ಮುಂದೆ 409 ಮಿ.ಮೀ., ಹಿಂದೆ 415. ಬಲ ಚಕ್ರ: ಮುಂದೆ 414, ಹಿಂದೆ 408. ಚಕ್ರ ಅರ್ಧ ಸುತ್ತಿಸಿ ಮತ್ತೆ ಅಳೆದರೂ ಅಷ್ಟೇ ಬಂತು, ರಿಮ್ ಸೊಟ್ಟ ಇಲ್ಲ. ಹಿಂದಿನ ಮಧ್ಯದ ಚಕ್ರ ಗೆರೆ ಮೇಲೇ ಇದೆ.

ಈಗ ಮುಂದಿನ ಎರಡನ್ನು ಕೂಡಿ ನೋಡಿ, 823. ಹಿಂದಿನ ಎರಡನ್ನು ಕೂಡಿ, ಅದೂ 823. ಕಿಟ್‌ನವರ ಟೇಪಿಗೆ ಇದೇ ಕಂಡಿದ್ದು. ಭಾವ ನೆಲದ ಮೇಲೆ ಬಿದ್ದ ಗೆರೆಗಳನ್ನು ನೋಡಿ, "ಇದು ಗೋಡೆ ಆಗಿದ್ದರೆ ಒಡೆದು ಮತ್ತೆ ಕಟ್ಟಿಸ್ತಿದ್ದೆ" ಅಂದರು.

ಭರಮಸಾಗರ ಮೇಷ್ಟ್ರು

ಬಹಳ ಚೆನ್ನಾಗಿ ಅಳೆದಿದ್ದೀರಿ. ನಿಮ್ಮದು 90/100-10 ಟೈರ್ ಇರಬೇಕು ಅಲ್ವಾ? ಅದರ ವ್ಯಾಸ ಸುಮಾರು 434 ಮಿ.ಮೀ. ಅಷ್ಟು ಉದ್ದಕ್ಕೆ 6 ಮಿ.ಮೀ. ವ್ಯತ್ಯಾಸ ಅಂದರೆ ಮುಕ್ಕಾಲು ಡಿಗ್ರಿಗಿಂತ ಒಂದು ಕೂದಲು ಜಾಸ್ತಿ. ಎರಡೂ ಬಲಕ್ಕೆ. ಕೈ ನೋಯದೆ ಇನ್ನೇನು.

ಲೇತ್ ಅಂಗಡಿ

ಎರಡೂ ಚಕ್ರ ಒಂದೇ ಅಳತೆ ತಿರುಗಿವೆ ಅಂದರೆ ಎರಡು ಸ್ಟಬ್ ಆಕ್ಸಲ್ (ಒಂದೊಂದು ಚಕ್ರ ಕೂರೋ ಗಿಡ್ಡ ಅಚ್ಚು) ಬೇರೆಬೇರೆ ಬಗ್ಗಿರೋದು ಅನುಮಾನ. ಎರಡು ಸೈಡ್ ವೀಲ್ ಹಿಡಿದಿರೋ ಕಿಟ್ಟಿನ ಅಡ್ಡ ಪೈಪ್ ಇದೆಯಲ್ಲ, ಇಡೀ ಅದೇ ಓರೆ ಕೂತಿರಬೇಕು. ನೋಡೋದು ಸುಲಭ. ಮುಂದಿನ ಚಕ್ರದ ಹಬ್ ಮಧ್ಯವನ್ನು ನೆಲಕ್ಕೆ ಇಳಿಸಿ, ಎರಡು ಸೈಡ್ ವೀಲಿನ ಹಬ್ ಮಧ್ಯವನ್ನೂ ಇಳಿಸಿ, ಮುಂದಿನ ಚುಕ್ಕಿಯಿಂದ ಎಡಕ್ಕೊಂದು, ಬಲಕ್ಕೊಂದು ಓರೆ ಅಳತೆ ತೆಗೆಯಿರಿ. ಪೈಪ್ ಓರೆ ಇದ್ದರೆ ಎಡದ್ದು ಸುಮಾರು 10 ಮಿ.ಮೀ. ಕಮ್ಮಿ ಬರಬೇಕು. ಎರಡೂ ಸಮ ಬಂದರೆ ನನ್ನ ಅಂದಾಜು ತಪ್ಪು, ಆಗ ಸ್ಟಬ್ ನೋಡೋಣ.

ಒಂದು ಎಚ್ಚರಿಕೆ. ಯಾರಾದರೂ ಗ್ಯಾಸ್ ಹಚ್ಚಿ ಕಾಯಿಸಿ ಬಗ್ಗಿಸಿ ಕೊಡ್ತೀನಿ ಅಂದರೆ ಗಾಡಿ ತಗೊಂಡು ಎದ್ದು ಬನ್ನಿ. ಆಕ್ಸಲ್ಲಿಗೆ ಹದ ಹಾಕಿರ್ತಾರೆ. ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತೆ, ಒಂದು ದಿನ ಗುಂಡಿಯಲ್ಲಿ ಮುರಿಯುತ್ತೆ. ನಿಮಗೆ ಕಾಲು ಊರಿ ತಡೆಯೋಕೆ ಆಗಲ್ಲ ಅನ್ನೋದು ನೆನಪಿರಲಿ. ಬೋಲ್ಟ್ ಸಡಿಲಿಸಿ ಸರಿಸೋದು, ಶಿಮ್ (ಸಂದಿಗೆ ಇಡೋ ತೆಳು ತಗಡು) ಹಾಕೋದು, ಬೇಕಾದರೆ ಪ್ಲೇಟಿನ ತೂತು ಉದ್ದ ಮಾಡೋದು, ಇಷ್ಟರಲ್ಲೇ ಮುಗಿಯಬೇಕು.

ನಿಟ್ಟುವಳ್ಳಿ ಸವಾರ

ಲೇತ್ ಅಣ್ಣಾ, ಚುಕ್ಕಿಗಳು ಇನ್ನೂ ನೆಲದ ಮೇಲೆ ಇದ್ದವು. ಎಡದ್ದು 10 ಮಿ.ಮೀ. ಕಮ್ಮಿ. ನೀವು ಗಾಡಿ ನೋಡದೇ ಹೇಳಿದ್ದು ಅಲ್ಲಿಗೇ ಬಂತು.

ಈಗ ಇದನ್ನು ನಿಮ್ಮಂಥವರ ಹತ್ತಿರ ಮಾಡಿಸಲಾ, ಕಿಟ್‌ನವರ ಹತ್ತಿರವೇ ಹೋಗಲಾ?

ಆರ್‌ಟಿಓ ಕಾಗದ

ಕಿಟ್‌ನವರ ಹತ್ತಿರವೇ ಹೋಗಿ. ಹೊಸ ಗಾಡಿ, ಅವರೇ ಸರಿ ಮಾಡಿಕೊಡಬೇಕು. ಈ ಕೆಲಸದ ಕಾಗದಪತ್ರ ನಾನು ಮಾಡಿಕೊಡ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಗೆ ಮಾಡಿದ ಬದಲಾವಣೆ ಆರ್‌ಸಿಯಲ್ಲಿ ಬಂದಿರಬೇಕು. 2019ರ ತಿದ್ದುಪಡಿ ಆದ ಮೇಲೆ ಅಡಾಪ್ಟೆಡ್ ವೆಹಿಕಲ್ ಅಂತ ಕರೀತಾರೆ, ಮೊದಲು ಇನ್‌ವ್ಯಾಲಿಡ್ ಕ್ಯಾರೇಜ್ ಅಂತಿತ್ತು. ನಿಮ್ಮ ಆರ್‌ಸಿಯಲ್ಲಿ, ಇನ್ಶೂರೆನ್ಸ್‌ನಲ್ಲಿ ಎರಡರಲ್ಲೂ ಅದು ಬಂದಿದೆಯಾ ನೋಡಿಕೊಳ್ಳಿ. ಹೊರಗಡೆ ಯಾರೋ ವೆಲ್ಡಿಂಗ್ ಮಾಡಿ ಏನಾದರೂ ಆದರೆ ಆಮೇಲೆ ಕಿಟ್‌ನವರು ಕೈ ತೊಳ್ಕೊಳ್ತಾರೆ. ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು, ನೆಲದ ಗೆರೆಗಳ ಫೋಟೋ ತೆಗೆದು ಕೊಡಿ, ಒಂದು ಪ್ರತಿಗೆ ಅವರ ಸಹಿ ಹಾಕಿಸಿಕೊಳ್ಳಿ.

ಜಗಳೂರಿನವಳು

ಇಷ್ಟು ದಿನ ಸುಮ್ನೆ ಓದ್ತಾ ಇದ್ದೆ, ಈಗ ಕೇಳಬೇಕು ಅನ್ನಿಸಿತು. ನಾನು ಟೈಲರಿಂಗ್ ಮಾಡ್ತೀನಿ, ನನ್ನದೂ ಸೈಡ್ ವೀಲ್ ಗಾಡಿ, ಹೊಸದೇ. ನನ್ನದು ಎಳೆಯಲ್ಲ. ಆದರೆ ನಮ್ಮ ಊರಿನ ಚರಂಡಿ ಕಲ್ಲು ದಾಟುವಾಗ, ರಸ್ತೆ ಮಧ್ಯ ತಗ್ಗು ಬಂದಾಗ ಎಂಜಿನ್ ಕಿರುಚುತ್ತೆ, ಗಾಡಿ ಮುಂದೆ ಹೋಗಲ್ಲ. ಹಿಂದಿನ ಬ್ರೇಕ್ ಹಿಡಿದರೂ ಕೆಲವು ಸಲ ನಿಲ್ಲೋದೇ ಇಲ್ಲ. ಒಂದು ಸಲ ಸಂತೆ ದಿನ ಇಳಿಜಾರಲ್ಲಿ ಮುಂದೆ ಕರು ಅಡ್ಡ ಬಂತು, ಹಿಡಿದ ಬ್ರೇಕಿಗೆ ಚಕ್ರ ನಿಂತರೂ ಗಾಡಿ ಜಾರ್ತಾನೇ ಇತ್ತು. ಪುಣ್ಯಕ್ಕೆ ಕರು ಓಡಿಹೋಯ್ತು. ಇದೂ ಅಲೈನ್‌ಮೆಂಟೇನಾ?

ಲೇತ್ ಅಂಗಡಿ

ಅಕ್ಕಾ, ಇದು ಅದಕ್ಕಿಂತ ಅಪಾಯದ್ದು. ದಯವಿಟ್ಟು ತಡ ಮಾಡಬೇಡಿ.

ನಿಮ್ಮ ಸೈಡ್ ವೀಲ್ ಎರಡೂ ಬೇಕಾದ್ದಕ್ಕಿಂತ ಕೆಳಗೆ ಕೂತಿವೆ, ಅಥವಾ ಅವುಗಳ ಸ್ಪ್ರಿಂಗ್ ಬಹಳ ಗಟ್ಟಿ ಇದೆ. ಭಾರ ಎಲ್ಲ ಅವು ಹೊತ್ತುಕೊಂಡು ಮಧ್ಯದ ಚಕ್ರಕ್ಕೆ ನೆಲದ ಮೇಲೆ ಒತ್ತಡವೇ ಇಲ್ಲ. ಎಂಜಿನ್ ತಿರುಗಿಸೋದೂ ಅದನ್ನೇ, ಹಿಂದಿನ ಬ್ರೇಕ್ ಹಿಡಿಯೋದೂ ಅದನ್ನೇ. ಅದು ತಗ್ಗಿನ ಮೇಲೆ ತೇಲಿದರೆ ಎಳೆತವೂ ಇಲ್ಲ, ಬ್ರೇಕೂ ಇಲ್ಲ. ಏಪ್ರಿಲ್ 2019ರಿಂದ 125 ಸಿಸಿವರೆಗಿನ ಗಾಡಿಗಳಿಗೆ ಕಾಂಬಿ ಬ್ರೇಕ್ ಕಡ್ಡಾಯ ಆಯ್ತು. ಹಾಗಾಗಿ ಎಡ ಲಿವರ್ ಹಿಡಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತೆ, ಆದರೆ ಹಿಂದಿನದರ ಕೆಲಸ ಪೂರ್ತಿ ಅದು ಮಾಡಲ್ಲ. ಈಗ ತಾತ್ಕಾಲಿಕವಾಗಿ ಎರಡೂ ಬ್ರೇಕ್ ಸೇರಿಸಿ ಹಿಡಿಯಿರಿ, ನಿಧಾನ ಹೋಗಿ, ಮನೆಯವರನ್ನು ಹಿಂದೆ ಕೂರಿಸಿಕೊಂಡು ಇಳಿಜಾರಲ್ಲಿ ಹೋಗಬೇಡಿ.

ಮನೆಯಲ್ಲೇ ನೋಡೋಕೆ ಒಂದು ದಾರಿ ಇದೆ. ನೀವು ಗಾಡಿ ಮೇಲೆ ಕೂತುಕೊಳ್ಳಿ, ಎಂಜಿನ್ ಆಫ್. ಮಧ್ಯದ ಚಕ್ರದ ಕೆಳಗೆ ನೆಲಕ್ಕೂ ಟೈರಿಗೂ ನಡುವೆ ಒಂದು ದಪ್ಪ ಕಾಗದದ ಪಟ್ಟಿ ಸಿಕ್ಕಿಸಿ ಗಾಡಿ ಅದರ ಮೇಲೆ ಬರಲಿ. ಯಾರಾದರೂ ಅದನ್ನು ಎಳೆಯಲಿ. ಹರಿಯಬೇಕು, ಸಲೀಸಾಗಿ ಜಾರಿ ಬರಬಾರದು. ಜಾರಿ ಬಂದರೆ ಅಲ್ಲಿ ಭಾರ ಇಲ್ಲ. ಹಾಗಂತ ಸೈಡ್ ವೀಲ್‌ಗಳನ್ನು ಬಹಳ ಮೇಲೆ ಏರಿಸಿಬಿಟ್ಟರೆ ಗಾಡಿ ಆಚೀಚೆ ತೂಗುತ್ತೆ, ತಿರುವಿನಲ್ಲಿ ಒಂದು ಕಡೆ ಧೊಪ್ ಅಂತ ಕೂರುತ್ತೆ. ಎರಡರ ಮಧ್ಯೆ ಹದ ಹುಡುಕಬೇಕು, ಅದೂ ನಿಮ್ಮ ಭಾರ ಹಾಕಿಯೇ ಹುಡುಕಬೇಕು.

ಜಗಳೂರಿನವಳು

ಕಾಗದ ಇಟ್ಟು ನೋಡಿದೆವು ಅಣ್ಣಾ. ಕ್ಯಾಲೆಂಡರ್ ಹಾಳೆ. ಹರಿಯದೇ ಜಾರಿ ಬಂತು. ನಮ್ಮ ಅಮ್ಮ ಅದನ್ನು ನೋಡಿ ಗಾಡಿ ಕೀಲಿನೇ ಎತ್ತಿಟ್ಟುಕೊಂಡಿದ್ದಾರೆ.

ಆಟೋ ಕೆಎ 17

ಅಮ್ಮ ಮಾಡಿದ್ದು ಸರಿ ಇದೆ ತಂಗಿ. ಸರಿ ಆಗೋ ತನಕ ಓಡಿಸಬೇಡಿ. ಗೂಡ್ಸ್ ಗಾಡಿಯಲ್ಲಿ ಹಾಕಿಸಿಕೊಂಡು ದಾವಣಗೆರೆಗೆ ತರಬಹುದು, ನಮ್ಮ ಸ್ಟ್ಯಾಂಡಿನ ಹುಡುಗರು ಜಗಳೂರು ಕಡೆ ಬರ್ತಿರ್ತಾರೆ. ಖಾಲಿ ವಾಪಸ್ ಬರುವಾಗ ಹಾಕಿಕೊಂಡು ಬರೋಕೆ ಹೇಳ್ತೀನಿ.

ನಿಟ್ಟುವಳ್ಳಿ ಸವಾರ

ನನ್ನ ಗಾಡಿ ಸರಿ ಆಯ್ತು. ಆದ ರೀತಿ ಬರೀತೀನಿ, ಬೇರೆಯವರಿಗೆ ಬೇಕಾಗಬಹುದು.

ಹಾಳೆ, ಫೋಟೋ ತಗೊಂಡು ಕಿಟ್‌ನವರ ಹತ್ತಿರ ಹೋದೆ. ಮೊದಲು "ಎಲ್ಲ ಗಾಡಿನೂ ಹೀಗೇ ಇರುತ್ತೆ" ಅಂದರು. ನಾನು ಜಗಳ ಆಡಲಿಲ್ಲ. ಅವರ ನೆಲದ ಮೇಲೇ ಭಾವನಿಂದ ನಡುಗೆರೆ ಹೊಡೆಸಿದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಬಗ್ಗಿ ಕೂತು ಒಂದು ನಿಮಿಷ ಆ ಗೆರೆ ನೋಡಿದರು. ಆಮೇಲೆ ಬೇರೆ ಮಾತೇ ಇಲ್ಲ, ತಾವೇ ಸ್ಪ್ಯಾನರ್ ತಗೊಂಡು ಯು ಕ್ಲಾಂಪ್ ಸಡಿಲ ಮಾಡಿದರು. ಎಡಗಡೆ ಕ್ಲಾಂಪ್ ಕೆಳಗೆ ಚಾಸಿಯ ಬಣ್ಣ ಮುದ್ದೆಯಾಗಿ ಕೂತಿತ್ತು, ಅಲ್ಲಿ ವೆಲ್ಡಿಂಗಿನ ಒಂದು ಗಂಟೂ ಇತ್ತು. ಕ್ಲಾಂಪ್ ಅದರ ಮೇಲೆ ಹತ್ತಿ ಮುಂದಕ್ಕೆ ಜಾರಿ ಬಿಗಿದುಕೊಂಡಿತ್ತು. ಗಂಟನ್ನು ಗ್ರೈಂಡ್ ಮಾಡಿ, ಎಡಗಡೆ ಸ್ವಲ್ಪ ಹಿಂದಕ್ಕೆ, ಬಲಗಡೆ ಸ್ವಲ್ಪ ಮುಂದಕ್ಕೆ ಸರಿಸಿ, ಒಂದು ಕಡೆ ತೆಳು ಶಿಮ್ ಹಾಕಿ ಬಿಗಿದರು. ಕಾಯಿಸೋದು ಬಗ್ಗಿಸೋದು ಏನೂ ಇಲ್ಲ.

ನಾನು ಕೂತು ಮತ್ತೆ ಅಳೆದೆವು. ಎಡ: ಮುಂದೆ 412, ಹಿಂದೆ 412. ಬಲ: ಮುಂದೆ 411, ಹಿಂದೆ 412. ಮೆಕ್ಯಾನಿಕ್ ಬೋಲ್ಟಿನ ತಲೆಯಿಂದ ಪ್ಲೇಟಿನ ಮೇಲೆ ಹಾಯುವಂತೆ ಬಿಳಿ ಪೇಂಟಿನ ಒಂದೊಂದು ಗೆರೆ ಎಳೆದರು. ಬೋಲ್ಟ್ ಸಡಿಲ ಆದರೆ ಗೆರೆ ತುಂಡಾಗಿ ಕಾಣುತ್ತೆ, ಸ್ಪ್ಯಾನರ್ ಬೇಡ, ಕಣ್ಣಲ್ಲೇ ನೋಡಿ ಹೇಳಬಹುದು. ಹೊಸ ಕಿಟ್ಟಿನ ಬೋಲ್ಟ್ ಮೊದಲ ಕೆಲವು ನೂರು ಕಿಲೋಮೀಟರಲ್ಲಿ ಸ್ವಲ್ಪ ಕೂತುಕೊಳ್ಳುತ್ತೆ, ಒಂದು ಸಲ ಬಂದು ಬಿಗಿ ಮಾಡಿಸಿಕೊಂಡು ಹೋಗಿ ಅಂದರು.

ವಾಪಸ್ ಹೋಗುವಾಗ ಶಾಮನೂರು ರಸ್ತೆಯಲ್ಲಿ ಹ್ಯಾಂಡಲ್ ಮೇಲೆ ಬರೀ ಬೆರಳು ಇಟ್ಟುಕೊಂಡು ಹೋದೆ. ಎಡಕ್ಕೆ ಒಂದು ಸಣ್ಣ ಒಲವು ಇದೆ, ಅದು ರಸ್ತೆಯದು, ಬೆರಳಿಗೆ ಭಾರ ಅನ್ನಿಸಲ್ಲ.

ಕೋಟೆನಾಡು

ಚಿತ್ರದುರ್ಗದಿಂದ. ಒಂದು ಸಣ್ಣ ಉಪಾಯ ಸೇರಿಸ್ತೀನಿ. ದಾರ ಗುಂಡು ಯಾವಾಗಲೂ ಸಿಗಲ್ಲ. ಒಣ ಸಿಮೆಂಟ್ ನೆಲದ ಒಂದು ಕಡೆ ನೀರು ಚೆಲ್ಲಿ, ಅದರ ಮೇಲಿಂದ ನೇರ ಒಣ ನೆಲಕ್ಕೆ ಓಡಿಸಿಕೊಂಡು ಹೋಗಿ. ಹಿಂದಿನ ಮಧ್ಯದ ಚಕ್ರದ ಒದ್ದೆ ಗೆರೆ ಮುಂದಿನ ಚಕ್ರದ ಗೆರೆಯ ಮೇಲೇ ಬೀಳಬೇಕು. ಪಕ್ಕಕ್ಕೆ ಬಿದ್ದರೆ ಗಾಡಿ ಓರೆ ನಡೀತಿದೆ, ಆಗ ದಾರ ಹಿಡಿಯಿರಿ. ಅಳತೆ ಸಿಗಲ್ಲ, ಆದರೆ ಹೊಸ ಗಾಡಿ ತಗೊಳ್ಳೋಕೆ ಹೋದಾಗ ಶೋರೂಮ್ ಅಂಗಳದಲ್ಲೇ ಒಂದು ಬಕೆಟ್ ನೀರಿನಲ್ಲಿ ನೋಡಿಬಿಡಬಹುದು.

ಭರಮಸಾಗರ ಮೇಷ್ಟ್ರು

ಬಹಳ ಒಳ್ಳೆಯ ಉಪಾಯ. ಸರ್ಕಾರದ ಯೋಜನೆಯಲ್ಲಿ ಒಟ್ಟಿಗೆ ಎಷ್ಟೋ ಜನಕ್ಕೆ ಗಾಡಿ ಹಂಚುತ್ತಾರೆ. ಸಾಲಾಗಿ ನಿಲ್ಲಿಸಿ, ಕೀಲಿ ಕೊಟ್ಟು, ಫೋಟೋ ತೆಗೆದು ಕಳಿಸುತ್ತಾರೆ. ಅಲ್ಲೇ ಒಬ್ಬೊಬ್ಬರನ್ನೂ ಕೂರಿಸಿ ಈ ನೀರಿನ ಪರೀಕ್ಷೆ, ಕಾಗದದ ಪರೀಕ್ಷೆ ಎರಡನ್ನೂ ಮಾಡಿದರೆ ಒಂದು ಗಾಡಿಗೆ ಹತ್ತು ನಿಮಿಷ ಸಾಕು. ಮುಂದಿನ ಸಲ ಹಂಚುವಾಗ ನಾವು ಕೆಲವರು ಹೋಗಿ ಅಧಿಕಾರಿಗಳಿಗೆ ಕೇಳಿಕೊಳ್ಳೋಣ ಅಂತಿದ್ದೇನೆ. ಅರ್ಜಿ ನಾನು ಬರೆಯುತ್ತೇನೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯವರು ಸಹಿ ಹಾಕಬಹುದು.

ಲೇತ್ ಅಂಗಡಿ

ಸಹಿಗೆ ನನ್ನನ್ನೂ ಸೇರಿಸಿ. ಅಳೆಯೋಕೆ ಬೇಕಾದರೆ ಹುಡುಗರನ್ನೂ ಕಳಿಸ್ತೀನಿ.

ಜಗಳೂರಿನವಳು

ನನ್ನ ಗಾಡಿ ನಾಳೆ ಗೂಡ್ಸ್ ಆಟೋದಲ್ಲಿ ಬರ್ತಾ ಇದೆ, ನಾನೂ ಅಮ್ಮನೂ ಬಸ್ಸಲ್ಲಿ ಬರ್ತೀವಿ. ನಿಟ್ಟುವಳ್ಳಿ ಅಣ್ಣಾ, ನಿಮ್ಮ ಭಾವನವರಿಗೆ ಬಿಡುವು ಇರುತ್ತಾ?

ನಿಟ್ಟುವಳ್ಳಿ ಸವಾರ

ಇರುತ್ತೆ ತಂಗಿ. ಭಾನುವಾರ ಅವರಿಗೆ ಕೆಲಸ ಇಲ್ಲ, ಬೆಳಿಗ್ಗೆ ಅದೇ ಪಾರ್ಕಿಂಗ್ ನೆಲಕ್ಕೆ ಬನ್ನಿ. ಮೊದಲು ಎತ್ತರ ನೋಡೋಣ, ಆಮೇಲೆ ದಾರ ಹೊಡೆಯೋಣ. ದಿನಾ ಗಾಡಿಯಲ್ಲಿ ಏನೇನು ಇಟ್ಟುಕೊಂಡು ಓಡಾಡ್ತೀರೋ ಎಲ್ಲ ತನ್ನಿ, ಊರುಗೋಲು, ಬಟ್ಟೆ ಗಂಟು, ಟಿಫನ್ ಡಬ್ಬಿ ಸಮೇತ.